ಅದು ಪೇಮೆಂಟ್ ಸೀಟಲ್ಲ

ಅರಕಲಗೂಡು ಕಡೆಯ ಒಂದು ಮನೆ. ಪಿಯು ಓದುವ ಮಗಳು ಅಮೆರಿಕದ ಕಾಲೇಜಿನ ಮಾತೆತ್ತುತ್ತಾಳೆ. "ಅದೆಲ್ಲ ದುಡ್ಡಿರೋರ್ಗೆ ಕಣವ್ವ, ನಮ್ಮಂಥೋರ್ಗಲ್ಲ" ಎಂದು ಅಪ್ಪ ಮಾತು ಮುಗಿಸುತ್ತಾನೆ. ಚನ್ನರಾಯಪಟ್ಟಣ ಕಡೆಯ ಇನ್ನೊಂದು ಮನೆ. ಬಿ.ಇ. ಮುಗಿಸಿದ ಮಗ ಅದೇ ಮಾತೆತ್ತುತ್ತಾನೆ. "ಕೆಳಗಿನ ತೋಟ ಎರಡೆಕರೆ ಹೋದ್ರೆ ಹೋಗ್ಲಿ ಬಿಡು ಮಗ. ನೀನು ಅಲ್ಲಿ ಕಾಲೂರಿದ್ರೆ ಎರಡು ವರ್ಷಕ್ಕೆ ನಾಲ್ಕೆಕರೆ ತಗೋಬೋದು" ಎಂದು ಆ ಅಪ್ಪ ಪಹಣಿ ಹುಡುಕಲು ಏಳುತ್ತಾನೆ.

ಒಬ್ಬ ಬೇಡ ಎಂದ, ಇನ್ನೊಬ್ಬ ಹೂಂ ಎಂದ. ಆದರೆ ಇಬ್ಬರೂ ನಂಬಿರುವುದು ಒಂದನ್ನೇ: ಅಮೆರಿಕದ ಓದು ದುಡ್ಡು ಕೊಟ್ಟು ಕೊಳ್ಳುವ ಸರಕು. ಈ ನಂಬಿಕೆ ಹಾಸನದ ಬಸ್ ನಿಲ್ದಾಣದಲ್ಲಿದೆ, ಹೊಳೆನರಸೀಪುರದ ಸಂತೆಯಲ್ಲಿದೆ, ನಮ್ಮ ಕಾಲೇಜುಗಳ ಸ್ಟಾಫ್ ರೂಮಿನಲ್ಲೂ ಇದೆ. ಪಿಯು ಮಕ್ಕಳಿಗೆ ಬಹುಕಾಲ ಪಾಠ ಹೇಳಿದ ನಾನೂ ಅದನ್ನು ನಂಬಿದ್ದೆ. ಇವತ್ತು ಅದು ತಪ್ಪು ಎಂದು ಹೇಳುವುದಕ್ಕೆ ಈ ಲೇಖನ. ಬರೀ ತಪ್ಪಲ್ಲ, ಅಪಾಯಕಾರಿ. ಯೋಗ್ಯತೆಯಿದ್ದ ಬಡ ಮಕ್ಕಳನ್ನು ಬಾಗಿಲ ಬಳಿಗೂ ಹೋಗದಂತೆ ತಡೆದದ್ದು ಇದೇ ನಂಬಿಕೆ. ಎರಡು ಹೊತ್ತು ನೆಮ್ಮದಿಯಾಗಿ ಉಣ್ಣುತ್ತಿದ್ದ ಮನೆಗಳನ್ನು ಸಾಲಕ್ಕೆ ನೂಕಿದ್ದೂ ಇದೇ.

ಈ ನಂಬಿಕೆ ಆಕಾಶದಿಂದ ಉದುರಿದ್ದಲ್ಲ. ಅದಕ್ಕೆ ನಮ್ಮದೇ ರಾಜ್ಯದ ಚರಿತ್ರೆಯಿದೆ. ಡೊನೇಷನ್ ಹಾವಳಿ ತಡೆಯಲು ಕರ್ನಾಟಕ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಮಾಡಬೇಕಾಯಿತು. ಕ್ಯಾಪಿಟೇಷನ್ ಶುಲ್ಕದ ವಿರುದ್ಧ ಸುಪ್ರೀಂ ಕೋರ್ಟು 1992ರಲ್ಲಿ ತೀರ್ಪು ಕೊಟ್ಟ ಮೋಹಿನಿ ಜೈನ್ ಪ್ರಕರಣವೂ ಕರ್ನಾಟಕದ್ದೇ. ಅದೇ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಎರಡು ಮಾತು ಮನೆಮಾತಾದವು. 1994ರಲ್ಲಿ ಸಿಇಟಿ ಬಂತು. ಅಲ್ಲಿಂದ ಮುಂದೆ ನಮ್ಮ ಪಾಲಿಗೆ ಓದು ಎಂದರೆ ಸೀಟು. ಸೀಟು ಸಿಗುವ ದಾರಿ ಎರಡೇ, ರ‍್ಯಾಂಕ್ ಇಲ್ಲವೇ ದುಡ್ಡು. ಮಗು ಯಾರು, ಏನನ್ನು ಯೋಚಿಸುತ್ತದೆ, ಏನು ಮಾಡಿದೆ ಎಂದು ಯಾವ ಕೌನ್ಸೆಲಿಂಗ್ ಹಾಲಿನಲ್ಲೂ ಯಾರೂ ಕೇಳಲಿಲ್ಲ. ಆ ಅಳತೆಗೋಲನ್ನೇ ಹಿಡಿದುಕೊಂಡು ನಾವು ಅಮೆರಿಕವನ್ನು ಅಳೆದೆವು. ಅಲ್ಲಿ ಸಿಇಟಿ ಇಲ್ಲ, ಹಾಗಾದರೆ ಅದು ಪೇಮೆಂಟ್ ಸೀಟೇ ಇರಬೇಕು ಎಂದು ತೀರ್ಮಾನಿಸಿದೆವು.

ಅಲ್ಲಿನ ಪದವಿ ಕಾಲೇಜಿಗೆ ಹಾಕುವ ಅರ್ಜಿಯಲ್ಲಿ ಏನಿರುತ್ತದೆ ಎಂದು ನೋಡೋಣ. ನೂರಾರು ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಷನ್‌ನಲ್ಲಿ ಖಾತೆ ತೆರೆಯಲು ಒಂದು ರೂಪಾಯಿಯೂ ಬೇಡ. ಒಂಬತ್ತನೇ ತರಗತಿಯಿಂದ ಹಿಡಿದು ಇಲ್ಲಿಯವರೆಗಿನ ಅಂಕಗಳು, ಓದುತ್ತಿರುವ ಪಿಯು ಕಾಲೇಜಿನ ಕಡೆಯಿಂದ ಒಂದು ವರದಿ, ಪಾಠ ಹೇಳಿದ ಒಬ್ಬರೋ ಇಬ್ಬರೋ ಮೇಷ್ಟರ ಪತ್ರ, ಓದಿನ ಹೊರಗೆ ಮಗು ಮಾಡಿದ ಕೆಲಸಗಳ ಪಟ್ಟಿ, ಮತ್ತು 650 ಪದ ಮೀರದ ಒಂದು ಪ್ರಬಂಧ. ಇಂಗ್ಲಿಷ್ ಪರೀಕ್ಷೆಗೆ ಟೋಫೆಲ್, ಐಇಎಲ್‌ಟಿಎಸ್ ಇವೆ. ಮನೆಯಲ್ಲೇ ಕುಳಿತು ಬರೆಯಬಹುದಾದ ಡುಯೊಲಿಂಗೊ ಪರೀಕ್ಷೆಯನ್ನೂ ಬಹಳ ಕಾಲೇಜುಗಳು ಒಪ್ಪುತ್ತವೆ. ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯನ್ನು ಎಂಐಟಿ 2022ರಲ್ಲಿ, ಹಾರ್ವರ್ಡ್, ಯೇಲ್ 2024ರಲ್ಲಿ ಮತ್ತೆ ಕಡ್ಡಾಯದ ಪಟ್ಟಿಗೆ ತಂದವು; ಆದರೂ ಅದು ಬೇಡವೆನ್ನುವ ಕಾಲೇಜುಗಳು ಇನ್ನೂ ಬೇಕಾದಷ್ಟಿವೆ. ಹೆಸರಾಂತ ಕಾಲೇಜುಗಳ ಅರ್ಜಿ ಶುಲ್ಕ ಸಾಮಾನ್ಯವಾಗಿ 70ರಿಂದ 90 ಡಾಲರ್. ಕಟ್ಟಲಾಗದವರು ವಿನಾಯಿತಿ ಕೇಳಬಹುದು, ಶುಲ್ಕವನ್ನೇ ತೆಗೆದುಕೊಳ್ಳದ ಕಾಲೇಜುಗಳೂ ಇವೆ.

ಈ ಪಟ್ಟಿಯಲ್ಲಿ ಎರಡೆಕರೆ ತೋಟ ಎಲ್ಲಿದೆ? ಅರ್ಜಿ ಹಾಕುವ ತನಕ ಎಲ್ಲೂ ಇಲ್ಲ.

"ಸೀಟು ಸಿಕ್ಕಮೇಲೆ ಫೀಸು ಯಾರು ಕಟ್ಟೋರು?" ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್, ಬೋಡಿನ್ — ಈ ಕಾಲೇಜುಗಳು ಹೊರದೇಶದ ಮಗುವಿನ ಅರ್ಜಿ ನೋಡುವಾಗಲೂ ಮನೆಯವರ ಬಳಿ ದುಡ್ಡಿದೆಯೇ ಎಂದು ನೋಡುವುದಿಲ್ಲ. ಆಯ್ಕೆಯಾದರೆ ಕುಟುಂಬಕ್ಕೆ ಎಷ್ಟು ಶಕ್ತಿಯಿಲ್ಲವೋ ಅಷ್ಟನ್ನೂ ಕಾಲೇಜೇ ತುಂಬುತ್ತದೆ. ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ಆದಾಯದ ಕುಟುಂಬದ ಮಕ್ಕಳಿಗೆ ಓದು, ಊಟ, ವಸತಿ ಎಲ್ಲವೂ ಉಚಿತ ಎಂದು ಹಾರ್ವರ್ಡ್ 2025ರಲ್ಲಿ ಘೋಷಿಸಿತು. ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹಾಕುವ ಅರಕಲಗೂಡಿನ ಯಾವ ಸಣ್ಣ ರೈತ ಆ ಮಿತಿಯನ್ನು ದಾಟುತ್ತಾನೆ? ಇಂಥ ಸಹಾಯ ಕೇಳುವ ಕುಟುಂಬ ತನ್ನ ವರಮಾನ, ಜಮೀನು, ಸಾಲಗಳ ವಿವರವನ್ನು ಒಂದು ಫಾರಂನಲ್ಲಿ ತುಂಬಿಕೊಡಬೇಕು. ತೆರಿಗೆ ರಿಟರ್ನ್ ಸಲ್ಲಿಸದ ಮನೆಯವರು ಬೇರೆ ದಾಖಲೆ ತೋರಿಸಬಹುದು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಸರತಿ ನಿಂತು ಬಲ್ಲ ನಮ್ಮ ಜನಕ್ಕೆ ಈ ಫಾರಂ ಹೆದರಿಕೆಯ ವಿಷಯವೇ ಅಲ್ಲ.

ಇಲ್ಲಿ ನಾನು ಸುಳ್ಳು ಆಸೆ ಹುಟ್ಟಿಸಬಾರದು. ಆ ಕಾಲೇಜುಗಳಿಗೆ ಪ್ರವೇಶ ಕಡುಕಷ್ಟ. ಹಾರ್ವರ್ಡ್ ಬಾಗಿಲು ತೆರೆಯುವುದು ನೂರಕ್ಕೆ ಮೂರೋ ನಾಲ್ಕೋ ಮಂದಿಗೆ. ಪೂರ್ತಿ ಸಹಾಯ ಕೊಡುವ ಇನ್ನೂ ಹಲವು ಕಾಲೇಜುಗಳು ಹೊರದೇಶದವರ ವಿಷಯದಲ್ಲಿ ಕಟ್ಟುವ ಶಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರಗಿನವರ ಪದವಿ ಓದಿಗೆ ನೆರವು ಕಡಿಮೆ. ಅಲ್ಲೂ ದುಡ್ಡು ಆಟವಾಡುತ್ತದೆ. ಶ್ರೀಮಂತ ಅಪ್ಪ ಅಮ್ಮಂದಿರು ಲಂಚ ಕೊಟ್ಟು ಮಕ್ಕಳನ್ನು ಕಾಲೇಜಿಗೆ ಸೇರಿಸಿದ್ದು 2019ರಲ್ಲಿ ಬಯಲಾಗಿ ಹಲವರು ಜೈಲಿಗೆ ಹೋದರು. ಇಷ್ಟನ್ನೂ ಒಪ್ಪುತ್ತೇನೆ. ಆದರೆ ನೂರಕ್ಕೆ ತೊಂಬತ್ತಾರು ಜನಕ್ಕೆ ಸಿಗದ ಸೀಟಿಗೂ ದುಡ್ಡಿಗೆ ಮಾರುವ ಸೀಟಿಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಬಡವನ ಮಗಳು ಪ್ರಯತ್ನಿಸಬಹುದು. ಅವಳನ್ನು ಅಲ್ಲಿನ ಕಾಲೇಜು ತಿರಸ್ಕರಿಸುವ ಮೊದಲೇ ನಾವು ತಿರಸ್ಕರಿಸಿದ್ದೇವೆ.

ಹೇಗೆ ತಿರಸ್ಕರಿಸಿದೆವು ಎಂಬುದಕ್ಕೆ ಕ್ಯಾಲೆಂಡರ್ ನೋಡಿದರೆ ಸಾಕು. ಅಮೆರಿಕದ ಪದವಿ ಕಾಲೇಜುಗಳಿಗೆ ಮೊದಲ ಗಡುವು ನವೆಂಬರ್ 1ರ ಸುಮಾರಿಗೆ, ಮುಖ್ಯ ಗಡುವು ಜನವರಿ ಮೊದಲ ವಾರದ ಆಸುಪಾಸಿಗೆ. ನಮ್ಮಲ್ಲಿ ದ್ವಿತೀಯ ಪಿಯು ಪರೀಕ್ಷೆ ಮಾರ್ಚ್‌ನಲ್ಲಿ, ಅದರ ಬೆನ್ನಿಗೆ ಸಿಇಟಿ, ನೀಟ್. "ರಿಸಲ್ಟ್ ಬರ್ಲಿ, ಆಮೇಲೆ ನೋಡನ" ಎನ್ನುವ ಮನೆಯಲ್ಲಿ ರಿಸಲ್ಟ್ ಬರುವ ಹೊತ್ತಿಗೆ ಅಲ್ಲಿನ ಕಾಲೇಜುಗಳು ಪಟ್ಟಿ ಪ್ರಕಟಿಸಿ, ಮೇ 1ರೊಳಗೆ ಒಪ್ಪಿಗೆ ಕೇಳುತ್ತಿರುತ್ತವೆ. ಪ್ರಥಮ ಪಿಯು ಮುಗಿದ ಜೂನ್ ತಿಂಗಳಲ್ಲೇ ಕೆಲಸ ಶುರುವಾಗಬೇಕು. ಹಾಸನ ಜಿಲ್ಲೆಯ ಬುದ್ಧಿವಂತ ಮಗುವೊಂದು ಆ ಸಾಲಿನಲ್ಲಿ ನಿಲ್ಲದೇ ಹೋದರೆ ಅದಕ್ಕೆ ಕಾರಣ ಬಡತನಕ್ಕಿಂತ ಹೆಚ್ಚಾಗಿ, ತಿಂಗಳು ಯಾವುದೆಂದು ಅದಕ್ಕೆ ಯಾರೂ ಹೇಳದೇ ಇದ್ದದ್ದು. ಹೇಳಬೇಕಾದವರು ಯಾಕೆ ಹೇಳಲಿಲ್ಲ? "ಅದು ದುಡ್ಡಿರೋರ್ಗೆ" ಎಂದು ಅವರೂ ನಂಬಿದ್ದರು.

ಇನ್ನೊಂದು ಆಕ್ಷೇಪ ಇಂಗ್ಲಿಷಿನದು. "ಕನ್ನಡ ಮೀಡಿಯಂ ಮಕ್ಳು, ಆ ಪ್ರಬಂಧ ಬರೆಯಕ್ಕಾಯ್ತದಾ?" ಎಂದು ನನ್ನ ಜೊತೆಯ ಉಪನ್ಯಾಸಕರೇ ಕೇಳಿದ್ದಾರೆ. ಇದೇ ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾವ್ ಅವರನ್ನು ನೆನೆಯೋಣ. 1929ರಲ್ಲಿ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅವರು ಫ್ರಾನ್ಸಿಗೆ ಓದಲು ಹೋದರು. 1938ರಲ್ಲಿ ಬಂದ ಅವರ ‘ಕಾಂತಾಪುರ’ ಕಾದಂಬರಿ ಇಂಗ್ಲಿಷಿನಲ್ಲಿದೆ, ಆದರೆ ಅದರ ನಡಿಗೆ ನಮ್ಮ ಹಳ್ಳಿಯ ಅಜ್ಜಿ ಜಗಲಿಯಲ್ಲಿ ಕುಳಿತು ಕಥೆ ಹೇಳುವ ನಡಿಗೆ. ಆ ನಡಿಗೆಗೇ ಜಗತ್ತು ತಲೆದೂಗಿತು. ಮುಂದೆ 1966ರಿಂದ ಹಲವು ವರ್ಷ ಅವರು ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕಾದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪುಸ್ತಕದ ಬೆಲೆ ಇರುವುದು ಅಮೆರಿಕವನ್ನು ಗೊರೂರಿನ ಕಣ್ಣಿಂದ ನೋಡಿದ್ದರಲ್ಲಿ.

ಅರ್ಜಿಯ ಪ್ರಬಂಧಕ್ಕೂ ಬೇಕಾದದ್ದು ಆ ಸ್ವಂತ ಕಣ್ಣೇ. ತಂಬಾಕು ಒಣಗಿಸುವ ಬ್ಯಾರನ್‌ಗೆ ರಾತ್ರಿಯಿಡೀ ಸೌದೆ ಒಟ್ಟುತ್ತಾ ಶಾಖದ ಏರಿಳಿತ ಗಮನಿಸಿದ ಹುಡುಗ, ಅಂಗಮಾರಿ ಬಂದು ಆಲೂಗೆಡ್ಡೆ ಹೊಲ ಒಂದೇ ವಾರದಲ್ಲಿ ಕಪ್ಪಾದದ್ದನ್ನು ಕಂಡು ಯಾಕೆ ಎಂದು ಕೇಳಿಕೊಂಡ ಹುಡುಗಿ, ತೆಂಗಿನ ಗರಿಯಲ್ಲಿ ಕಪ್ಪುತಲೆ ಹುಳುವನ್ನು ಹುಡುಕಿ ಎಣಿಸಿದ ಮಗು — ಇವರ ಬಳಿ ಹೇಳುವುದಕ್ಕೆ ಏನಿಲ್ಲ? ವ್ಯಾಕರಣ ತಿದ್ದಬಹುದು. ಕಂಡದ್ದನ್ನು ಯಾರೂ ಎರವಲು ಕೊಡಲಾರರು.

ಆದರೆ ಆ ಸ್ವಂತದ್ದನ್ನೇ ಅಳಿಸಿಹಾಕುವ ವ್ಯಾಪಾರವೊಂದು ನಮ್ಮ ನಡುವೆ ಬೆಳೆದಿದೆ. ಎಲ್ಲ ಕನ್ಸಲ್ಟೆನ್ಸಿಯವರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಆದರೆ ಅವರ ಲೆಕ್ಕ ಹೇಗೆ ನಡೆಯುತ್ತದೆ ಎಂದು ಪಾಲಕರಿಗೆ ತಿಳಿದಿರಬೇಕು. "ನಿಮ್ಮಿಂದ ಏನೂ ತಗೊಳ್ಳಲ್ಲ ಸಾರ್, ಫ್ರೀ ಸರ್ವಿಸ್" ಎನ್ನುವ ಹಲವರಿಗೆ ವಿದ್ಯಾರ್ಥಿ ಸೇರಿದ ಮೇಲೆ ಆ ಕಡೆಯ ಕಾಲೇಜು ತಲೆಗಿಷ್ಟು ಎಂದು ಕಮಿಷನ್ ಕೊಡುತ್ತದೆ. ಅಮೆರಿಕದ ಕಾನೂನು ತನ್ನ ದೇಶದ ವಿದ್ಯಾರ್ಥಿಗಳನ್ನು ಹೀಗೆ ತಲೆಗಿಷ್ಟೆಂದು ದುಡ್ಡು ಕೊಟ್ಟು ಸೇರಿಸಿಕೊಳ್ಳುವುದನ್ನು ನಿಷೇಧಿಸಿದೆ. ಹೊರದೇಶದಲ್ಲಿರುವ ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ಆ ನಿಷೇಧಕ್ಕೆ ವಿನಾಯಿತಿ ಇಟ್ಟಿದೆ. ತಮ್ಮ ಮಕ್ಕಳಿಗೆ ಆಗದ ವ್ಯವಹಾರ ನಮ್ಮ ಮಕ್ಕಳಿಗೆ ಆಗುತ್ತದೆ. ಕಮಿಷನ್ ಕೊಡುವ ಅಗತ್ಯ ಹೆಚ್ಚಿರುವುದು ಯಾವ ಕಾಲೇಜಿಗೆ? ವಿದ್ಯಾರ್ಥಿಗಳು ತಾವಾಗಿ ಹುಡುಕಿಕೊಂಡು ಬಾರದ ಕಾಲೇಜಿಗೆ. ಸಹಾಯಧನ ಕೊಡುವ ಒಳ್ಳೆಯ ಕಾಲೇಜಿನ ಹೆಸರು ಅಂಥ ಮೇಜಿನ ಮೇಲೆ ಬರುವುದೇ ಇಲ್ಲ. ಅಪ್ಪನ ನಂಬಿಕೆ ಅಲ್ಲಿ ಗಟ್ಟಿಯಾಗುತ್ತದೆ: ಎಲ್ಲದಕ್ಕೂ ದುಡ್ಡೇ ಬೇಕು.

ಅದೇ ಮೇಜಿನ ಮೇಲೆ ಪ್ರಬಂಧವೂ ಸಿದ್ಧವಾಗುತ್ತದೆ. ಬ್ಯಾರನ್ ಹೋಗುತ್ತದೆ, ಆಲೂಗೆಡ್ಡೆ ಹೋಗುತ್ತದೆ. ಚಿಕ್ಕಂದಿನಿಂದ ಕಂಪ್ಯೂಟರ್ ಎಂದರೆ ಪ್ರಾಣ ಎಂಬ, ನೂರು ಮಕ್ಕಳಿಗೆ ಹೊಂದುವ ಒಂದೇ ಕಥೆ ಬರುತ್ತದೆ. ಮೇಷ್ಟರ ಪತ್ರವನ್ನೂ ಅವರೇ ಬರೆದು, ಸಹಿಗೆ ಮಾತ್ರ ಮೇಷ್ಟರ ಬಳಿ ಕಳಿಸುತ್ತಾರೆ. ಅಂಥ ಪತ್ರಗಳಿಗೆ ನಾನೂ ಸಹಿ ಹಾಕಿದ್ದೇನೆ. ಹುಡುಗನಿಗೆ ಒಳ್ಳೆಯದಾಗಲಿ ಎಂದುಕೊಂಡಿದ್ದೆ. ಅವನ ಬಗ್ಗೆ ನನಗೊಬ್ಬನಿಗೇ ಗೊತ್ತಿದ್ದ ಸಂಗತಿಗಳನ್ನು ಬರೆಯದೆ ಅವನಿಗೆ ಅನ್ಯಾಯ ಮಾಡಿದೆ ಎಂದು ಆಮೇಲೆ ತಿಳಿಯಿತು. ಇನ್ನು ಬ್ಯಾಂಕ್ ಖಾತೆಯಲ್ಲಿ ನಾಲ್ಕು ದಿನ ಬಾಡಿಗೆ ಹಣ ತೋರಿಸುವ ಉಪಾಯ ಹೇಳುವವರಿದ್ದಾರೆ. ವೀಸಾಕ್ಕೆ ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವರಿಗೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಉಪಾಯ ಹೇಳಿದವನಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ.

ಓದನ್ನು ಖರೀದಿ ಎಂದು ನಂಬಿದವರಿಗೆ ಏನಾಯಿತು ಎಂಬುದಕ್ಕೆ ನೆರೆರಾಜ್ಯದವರ ಕಣ್ಣೀರು ಸಾಕ್ಷಿ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಎಂಬ ಸಂಸ್ಥೆಯನ್ನು ಮುಚ್ಚಿಸಿದಾಗ, ದುಡ್ಡು ಕಟ್ಟಿ ಸೇರಿದ್ದ ತೆಲುಗು ನಾಡಿನ ಮಕ್ಕಳಲ್ಲಿ ಕೆಲವರ ಕಾಲಿಗೆ ನಿಗಾ ಇಡುವ ರೇಡಿಯೋ ಪಟ್ಟಿ ಕಟ್ಟಿದರು. 2019ರಲ್ಲಿ ಬಯಲಾದ ಮಿಷಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠವೂ ಇರಲಿಲ್ಲ, ಮೇಷ್ಟರೂ ಇರಲಿಲ್ಲ. ಅಲ್ಲಿನ ಸರ್ಕಾರವೇ ಹೂಡಿದ್ದ ಬಲೆ ಅದು. ಮೊದಲಿಗೆ ಬಂಧನಕ್ಕೊಳಗಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು.

ಈಗ ತೋಟದ ಲೆಕ್ಕಕ್ಕೆ ಬರುತ್ತೇನೆ. ದೊಡ್ಡ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಧಾರ ಕೇಳುತ್ತದೆ. ಕೃಷಿ ಜಮೀನನ್ನು ಅದು ಒಪ್ಪಲು ಹಿಂಜರಿಯುತ್ತದೆ, ಏಕೆಂದರೆ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿನ ಮೇಲೆ ಕೈಹಾಕಲು ಬಿಡುವುದಿಲ್ಲ. ರೈತನ ರಕ್ಷಣೆಗೆಂದು ಇಟ್ಟ ಬೇಲಿ ಅದು. ಆ ಬೇಲಿಯನ್ನು ನಮ್ಮವರು ತಾವೇ ಕೀಳುತ್ತಾರೆ: ಜಮೀನನ್ನು ಕೃಷಿಯೇತರವಾಗಿ ಅಲಿನೇಷನ್ ಮಾಡಿಸುತ್ತಾರೆ, ಪಟ್ಟಣದ ಮನೆ ಅಡವಿಡುತ್ತಾರೆ, ಇಲ್ಲವೇ ಮಾರಿಯೇಬಿಡುತ್ತಾರೆ. ಎಂ.ಎಸ್. ಓದಿಗೆ 40 ಲಕ್ಷ ಸಾಲವಾಯಿತು, ಬಡ್ಡಿ ಶೇ. 11 ಎಂದಿಟ್ಟುಕೊಳ್ಳಿ. ಬಡ್ಡಿಯೊಂದೇ ವರ್ಷಕ್ಕೆ 4 ಲಕ್ಷ 40 ಸಾವಿರ, ತಿಂಗಳಿಗೆ 36 ಸಾವಿರಕ್ಕೂ ಹೆಚ್ಚು. ಚನ್ನರಾಯಪಟ್ಟಣದ ಯಾವ ಎರಡೆಕರೆ ತೆಂಗಿನ ತೋಟ ತಿಂಗಳಿಗೆ ಅಷ್ಟು ಕೊಟ್ಟೀತು?

"ಕೆಲ್ಸ ಸಿಕ್ರೆ ತೀರ್ಸಬೋದು" ಎಂಬುದು ಉತ್ತರ. ಆ ಕೆಲಸವೂ ಲಾಟರಿಯ ಮೇಲೆ ನಿಂತಿದೆ. ಓದು ಮುಗಿದ ಮೇಲೆ ಒಂದು ವರ್ಷ, ವಿಜ್ಞಾನ–ಎಂಜಿನಿಯರಿಂಗ್ ಓದಿದವರಿಗೆ ಇನ್ನೆರಡು ವರ್ಷ ಅಲ್ಲಿ ಕೆಲಸ ಮಾಡಲು ಅವಕಾಶವುಂಟು. ಅದಾದ ಮೇಲೆ ಬೇಕಾಗುವ ಎಚ್‌-1ಬಿ ವೀಸಾಗಳ ವರ್ಷದ ಮಿತಿ 85 ಸಾವಿರ; ಅದಕ್ಕೆ ಚೀಟಿ ಎತ್ತುತ್ತಾರೆ. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾಕ್ಕೆ ಹೊಸ ಸಂದರ್ಶನದ ದಿನಾಂಕ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂಬ ವಿವರಣೆ ಆಮೇಲೆ ಬಂತು. ಒಂದು ಸಹಿಯಿಂದ ನಿಯಮ ಬದಲಾಗುವ ದೇಶದ ನೌಕರಿಯನ್ನು ನಂಬಿ ಮೂರು ತಲೆಮಾರಿನ ತೋಟವನ್ನು ಪಣಕ್ಕಿಡುವುದು ಧೈರ್ಯವೆನಿಸುವುದಿಲ್ಲ. ಹೊಟ್ಟೆಪಾಡಿನ ಬೇರಿಗೇ ಕೊಡಲಿ ಹಾಕಿದಂತೆ.

ದುಡ್ಡಿನ ನಂಬಿಕೆ ಮರೆಮಾಚಿರುವ ಇನ್ನೊಂದು ದಾರಿಯಿದೆ. ಅಲ್ಲಿ ಎಂ.ಎಸ್. ಓದಲು ಸಾಮಾನ್ಯವಾಗಿ ಕೈಯಿಂದ ಹಾಕಬೇಕು, ನಿಜ. ಆದರೆ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳ ಪಿಎಚ್.ಡಿ.ಗೆ ಆಯ್ಕೆಯಾದವರಿಗೆ ಶುಲ್ಕ ಮನ್ನಾ ಮಾಡಿ, ಪಾಠ ಅಥವಾ ಸಂಶೋಧನೆಯ ಕೆಲಸಕ್ಕೆ ತಿಂಗಳ ವೇತನ ಕೊಡುವುದೇ ಅಲ್ಲಿನ ರೂಢಿ. ನಾಲ್ಕು ವರ್ಷದ ಬಿ.ಇ. ಮುಗಿಸಿದವರು ಎಷ್ಟೋ ವಿಭಾಗಗಳಲ್ಲಿ ನೇರವಾಗಿ ಅದಕ್ಕೆ ಅರ್ಜಿ ಹಾಕಬಹುದು. ಹಾಸನದಲ್ಲಿ 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ, ಆಮೇಲೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಬಂತು. ಅಲ್ಲಿಂದ ಹೊರಬರುವ ಎಷ್ಟು ಮಕ್ಕಳಿಗೆ ಈ ಮಾತು ತಿಳಿದಿದೆ? ಗೌರಿಬಿದನೂರು ಸೀಮೆಯ ಹೊಸೂರಿನ ಬಡಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪಿಎಚ್.ಡಿ. ಪಡೆದು ಬಂದು ಇಲ್ಲಿಯೇ ಪಾಠ ಹೇಳಿದರು. ರಾಜೇಶ್ವರಿ ಚಟರ್ಜಿಯವರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಮಿಷಿಗನ್‌ಗೆ ಹೋಗಿ ಓದಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿಸಿದರು. ಇವರನ್ನು ಅಲ್ಲಿಗೆ ಕರೆದೊಯ್ದದ್ದು ವಿದ್ಯೆ.

ಸಹಾಯವೂ ಇಲ್ಲದೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ವಿದೇಶ ವ್ಯಾಸಂಗಕ್ಕೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ. ಅದರಲ್ಲಿ ಭೂಹೀನ ಕೃಷಿ ಕಾರ್ಮಿಕರ ಮಕ್ಕಳಿಗೂ ಪಾಲಿದೆ. 1950ರಲ್ಲಿ ಶುರುವಾದ ಅಮೆರಿಕ–ಭಾರತ ಶೈಕ್ಷಣಿಕ ಪ್ರತಿಷ್ಠಾನ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ನಡೆಸುತ್ತದೆ, ಚೆನ್ನೈ ಮೊದಲಾದ ಕಡೆ ಅರ್ಜಿಯ ಬಗ್ಗೆ ತಿಳಿವಳಿಕೆಯನ್ನೂ ಕೊಡುತ್ತದೆ. ಅದಕ್ಕೆ ಯಾವ ಕಾಲೇಜಿನ ಕಮಿಷನ್ನೂ ಇಲ್ಲ.

ಹಾಗಾದರೆ ಎಲ್ಲರೂ ಅಮೆರಿಕಕ್ಕೆ ಹೋಗಬೇಕೇ? ನಾನು ಹಾಗೆ ಹೇಳುತ್ತಿಲ್ಲ. ಇಲ್ಲೇ ಒಳ್ಳೆಯ ಓದು ಇದೆ, ಇಲ್ಲಿ ಬಾಳುವುದು ಸೋಲಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಹೋಗುವುದೋ ಬಿಡುವುದೋ ಎಂಬ ತೀರ್ಮಾನ ಮಗುವಿನ ಯೋಗ್ಯತೆ, ಇಷ್ಟ ಮತ್ತು ನಿಜವಾದ ಲೆಕ್ಕದ ಮೇಲೆ ಆಗಲಿ, ಪೇಮೆಂಟ್ ಸೀಟಿನ ಕಾಲದಲ್ಲಿ ಕಲಿತ ಒಂದು ಸುಳ್ಳಿನ ಮೇಲೆ ಆಗುವುದು ಬೇಡ.

ಉಪನ್ಯಾಸಕ ಮಿತ್ರರೇ, ಪ್ರಥಮ ಪಿಯು ಮುಗಿಸಿದ ಮಕ್ಕಳನ್ನು ಜೂನ್‌ನಲ್ಲಿ ಒಂದು ಗಂಟೆ ಕೂರಿಸಿಕೊಂಡು ಈ ವಿಷಯ ಹೇಳಿ. ಪತ್ರ ಕೇಳಿಕೊಂಡು ಬಂದ ಮಗುವಿಗೆ ನಿಮ್ಮ ಕೈಯಾರೆ ಬರೆದುಕೊಡಿ. ನಿಮ್ಮ ಇಂಗ್ಲಿಷ್ ಸರಳವಾಗಿದ್ದರೆ ಸಾಕು. ಅಪ್ಪಂದಿರೇ, ದುಡ್ಡು ಕೊಡುವ ಕಾಲೇಜನ್ನು ಮೊದಲು ಹುಡುಕಿಸಿ. ದುಡ್ಡು ಕೇಳುವ ಕಾಲೇಜಿನ ಮಾತು ಆಮೇಲೆ. ಮಗಳಿಗೆ "ನಮ್ಮಂಥೋರ್ಗಲ್ಲ" ಎನ್ನಬೇಡಿ, ಅರ್ಜಿ ಹಾಕು ಎನ್ನಿ. ತೋಟದ ಪಹಣಿಯನ್ನು ಮಾತ್ರ ಪೆಟ್ಟಿಗೆಯಿಂದ ತೆಗೆಯಬೇಡಿ.